ಮುಂದಿನ ಕಾರು

ದಾರಿ ಹುಡುಕಿದವಳು ಅಕ್ಕ. ಕರಪತ್ರದಲ್ಲಿ ಅಚ್ಚಾದ ಹೆಸರು ತಂಗಿಯದು. ಮಕ್ಕಳ ಆಸ್ಪತ್ರೆಯ ನೆರವಿಗೆಂದು ಕಾರು ಸಂಘದವರು ಹೊರಡಿಸಿದ ಮೆರವಣಿಗೆಯಲ್ಲಿ ನಲವತ್ತು ಹಳೆಯ ಕಾರುಗಳಿದ್ದವು. ಅವು ಏರಿನಲ್ಲಿ ಬಿಸಿಯಾಗಿ ನಿಲ್ಲಬಾರದೆಂದು, ಗ್ಯಾರೇಜು ನಡೆಸುವ ಅಕ್ಕ ನಾಲ್ಕು ಭಾನುವಾರ ಊರೆಲ್ಲ ಸುತ್ತಿ, ಏರಿಲ್ಲದ ಸಣ್ಣ ಬೀದಿಗಳ ತಿರುವುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು.

ಈಗ ಎಲ್ಲಕ್ಕಿಂತ ಮುಂದಿನ ಕಾರಿನ ಸ್ಟಿಯರಿಂಗ್ ಮೇಲೆ ತಂಗಿಯ ಬಿಳಿ ಕೈಗವಸು. ಅಕ್ಕನ ಉಗುರುಗಳಲ್ಲಿ ಎಂದೂ ತೊಳೆದುಹೋಗದ ಗ್ರೀಸು. ಅವಳ ಹೊಟ್ಟೆ ಧಗಧಗ ಉರಿಯಿತು. ಎರಡನೇ ತಿರುವಿನಲ್ಲೇ ಇವಳು ದಾರಿ ತಪ್ಪಲಿ ಎಂದು ಮನಸ್ಸಿನಲ್ಲೇ ಶಾಪ ಹಾಕಿದಳು, ಹಾಕಿ ನಾಚಿದಳು, ಮತ್ತೆ ಹಾಕಿದಳು.

“ಅತ್ತಿಗೆ, ಇವಳಿಗೆ ತಿರುವು ನೆನಪಿರಲ್ಲ,” ಎಂದ ತಂಗಿಯ ಗಂಡ. ಸಂಘದ ಅಧ್ಯಕ್ಷ ಅವನೇ. “ನೀವು ಹಿಂದೆ ಬಗ್ಗಿ ಕೂತ್ಕೊಂಡು ಹೇಳ್ತಾ ಹೋಗಿ. ಫೋಟೋದಲ್ಲಿ ಕಾಣ್ಸೋದು ಬೇಡ.”

“ಅರ್ಧ ಗಂಟೆ ತಾನೇ ಅಕ್ಕ,” ಎಂದಳು ತಂಗಿ, ಕನ್ನಡಿಯಲ್ಲಿ ಕೂದಲು ತೀಡಿಕೊಳ್ಳುತ್ತ. “ಚಿಕ್ಕೋರಿದ್ದಾಗ ಕಣ್ಣಾಮುಚ್ಚಾಲೆ ಆಡ್ತಿದ್ವಲ್ಲ, ಹಂಗೆ ಅನ್ಕೋ.”

ಅಕ್ಕ ಹಿಂದಿನ ಬಾಗಿಲು ತೆರೆದಳು. ಕಾಲಿಡುವ ಜಾಗದಲ್ಲಿ ಅವಳಿಗೆಂದೇ ಒಂದು ದಿಂಬು ಇಟ್ಟಿದ್ದರು. ಕೇಳುವ ಮೊದಲೇ ಇಟ್ಟಿದ್ದರು. ಹಿಂದೆ ಮೂವತ್ತೊಂಬತ್ತು ಎಂಜಿನ್ನುಗಳು ಗುರುಗುಟ್ಟುತ್ತಿದ್ದವು. ಅವಳು ದಿಂಬನ್ನು ಎತ್ತಿ, ಪಕ್ಕದಲ್ಲಿ ನಿಂತಿದ್ದ ಅಧ್ಯಕ್ಷನ ಕೈಗಿಟ್ಟು, ಬಾಗಿಲು ಮುಚ್ಚಿದಳು.

“ನಾನು ಬಗ್ಗಿ ಕೂರಲ್ಲ. ದಾರಿ ಬೇಕಾದ್ರೆ ಇವಳು ಪಕ್ಕದ ಸೀಟಿಗೆ ಸರೀಲಿ.”