ದಾಳಿಂಬೆಯ ಬಯಕೆ

ಬಿಡಿಸಿದ ದಾಳಿಂಬೆಯ ಬಟ್ಟಲನ್ನು ದಲೆಂಡಾ ಎಂದಿನಂತೆ ಸೊಸೆಯ ಕೋಣೆಯ ಹೊಸ್ತಿಲ ಮೇಲಿಟ್ಟು ಹಿಂದಿರುಗಿದಳು. ಮೊಮ್ಮಗಳು ಯಮೀನಾ ಹುಟ್ಟಿ ಮೂವತ್ತು ದಿನವಾಗಿತ್ತು. ಒಂದು ದಿನವೂ ಆಕೆ ಆ ಹೊಸ್ತಿಲು ದಾಟಿರಲಿಲ್ಲ.

"ಅತ್ತೆ, ನಿಲ್ಲಿ," ಒಳಗಿನಿಂದ ವಿದಾದ್ ಕೂಗಿದಳು. "ದಿನಾ ಬೆಳಗ್ಗೆ ಬೆಕ್ಕಿಗೆ ಹಾಲಿಟ್ಟ ಹಾಗೆ ಇಟ್ಟು ಓಡಿಹೋಗ್ತೀರಲ್ಲ, ನಾನೇನು ಕಚ್ತೀನಾ?"

"ತಿನ್ನು ಮಗಳೇ. ಕೇಳಿದಾಗ ಕೊಡ್ಲಿಲ್ಲ, ಈಗಲಾದ್ರೂ ತಿನ್ನು."

ಸೊಸೆಗೆ ಎಂಟು ತಿಂಗಳಾಗಿದ್ದಾಗ ಹಿತ್ತಲ ಮರದ ದಾಳಿಂಬೆ ಬೇಕೆನಿಸಿತ್ತು. ಇನ್ನೂ ಕಾಯಿ, ಶುಕ್ರವಾರದವರೆಗೆ ತಡಿ ಎಂದಿದ್ದಳು ದಲೆಂಡಾ. ಆಸೆ ತಡೆಯಲಾರದೆ ವಿದಾದ್ ಮೇಲ್ತುಟಿಯ ಮೇಲೆ ಬೆರಳಾಡಿಸಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಬಯಕೆ ತೀರದ ಬಸುರಿ ಎಲ್ಲಿ ಮುಟ್ಟಿಕೊಂಡರೆ ಮಗುವಿಗೆ ಅಲ್ಲೇ ಗುರುತು. ಅವರ ಊರು ಟೆಸ್ತೂರಿನಲ್ಲಿ ಇದು ಯಾರಿಗೆ ಗೊತ್ತಿಲ್ಲ? ಯಮೀನಾ ಹುಟ್ಟಿದ್ದು ಸೀಳಿದ ತುಟಿ, ಸೀಳಿದ ಅಂಗುಳದೊಡನೆ. ಕೂಸನ್ನು ಎತ್ತಿಕೊಳ್ಳಲು ದಲೆಂಡಾಳ ಜೀವ ಹಾತೊರೆಯುತ್ತಿತ್ತು. ಆದರೆ ಯಾವ ಮುಖ ಹೊತ್ತುಕೊಂಡು ಎತ್ತಿಕೊಳ್ಳುವುದು?

"ನಿನ್ನೆ ಟ್ಯೂನಿಸ್‌ನಲ್ಲಿ ಡಾಕ್ಟರು ಹೇಳಿದ್ರು," ಎಂದಳು ವಿದಾದ್. "ಆರು ತಿಂಗಳಾಗ್ಲಿ, ತುಟಿ ಹೊಲಿದು ಸರಿಮಾಡ್ತಾರಂತೆ. ಆಮೇಲೆ ಇನ್ನೊಂದು ಕೇಳಿ. ಹೊಟ್ಟೇಲಿ ತುಟಿ ಕೂಡ್ಕೊಳ್ಳೋದು ಎರಡನೇ ತಿಂಗಳಲ್ಲೇ ಅಂತೆ. ಅಂದ್ರೆ ಫೆಬ್ರವರಿ. ಬಸುರಿ ಅಂತ ನಾನಿನ್ನೂ ಯಾರಿಗೂ ಹೇಳೇ ಇರ್ಲಿಲ್ಲ. ಆಗ ನಿಮ್ಮ ಮರದಲ್ಲಿ ಏನಿತ್ತು ಹೇಳಿ?"

ದಲೆಂಡಾ ಬೆರಳು ಮಡಚಿ ಎಣಿಸಿದಳು. ಡಾಕ್ಟರ ಮಾತನ್ನಾದರೂ ತಳ್ಳಿಹಾಕಬಹುದು, ಮರದ ಮಾತನ್ನು ಹೇಗೆ ತಳ್ಳಿಹಾಕುವುದು?

"ಏನಿತ್ತು? ಒಂದು ಎಲೆಯೂ ಇರ್ಲಿಲ್ಲ."

"ಮತ್ತೆ? ಇಲ್ಲದ ಹಣ್ಣಿಗೆ ಯಾಕೆ ಕೊರಗ್ತೀರಿ? ಬನ್ನಿ ಒಳಗೆ."

ದಲೆಂಡಾ ಹೊಸ್ತಿಲು ದಾಟಿದಳು. ಸೊಸೆ ಕೂಸನ್ನು ತೋಳಿಗೆ ಒರಗಿಸಿ ತಲೆಯೆತ್ತಿ ಹಿಡಿದು, ಹಿಂಡಿದ ಎದೆಹಾಲನ್ನು ಚಮಚದಲ್ಲಿ ಹನಿಹನಿಯಾಗಿ ಕುಡಿಸುತ್ತಿದ್ದಳು.

"ಮನೆತನದಲ್ಲಿ ಮೊದಲು ಯಾರಿಗಾದ್ರೂ ಹೀಗಿತ್ತಾ ಅಂತಲೂ ಕೇಳಿದ್ರು. ಇಲ್ಲ ಅಂದೆ."

ದಲೆಂಡಾ ಸೊಸೆಯ ಪಕ್ಕದಲ್ಲಿ ಕುಳಿತಳು.

"ಇತ್ತು," ಎಂದಳು. "ನನ್ನ ಚೊಚ್ಚಲ ಮಗು. ಹೆಣ್ಣು. ನಲವತ್ತು ವರ್ಷ ಆಯ್ತು. ನಂಗೆ ಮೀನಿನ ಬಯಕೆ ಆಗಿತ್ತು, ನಾಚ್ಕೊಂಡು ಯಾರಿಗೂ ಹೇಳ್ಲಿಲ್ಲ, ಅದಕ್ಕೇ ಹೀಗಾಯ್ತು ಅನ್ಕೊಂಡೆ. ಚೀಪೋಕೆ ಬರ್ತಿರ್ಲಿಲ್ಲ ಕಣೇ ಅದಕ್ಕೆ. ನನ್ನ ಎದೆ ಸೋರಿ ಬಟ್ಟೆಯೆಲ್ಲ ಒದ್ದೆ, ಅದು ಪಕ್ಕದಲ್ಲೇ ಹಸಿದು ಅಳ್ತಿತ್ತು. ಒಂಬತ್ತು ದಿನ ಅತ್ತು ಸುಮ್ಮನಾಯ್ತು."

ವಿದಾದ್ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಚಮಚವನ್ನು ಕೈಗೆ ಕೊಟ್ಟಳು. ದಲೆಂಡಾ ಹಾಲು ಹನಿಸಿದಳು. ಯಮೀನಾ ನುಂಗಿ, ಇನ್ನೂ ಬೇಕೆಂದು ಬಾಯಿ ತೆರೆದಳು.

"ಇಷ್ಟೇನಾ?" ದಲೆಂಡಾ ಕೈಯಲ್ಲಿದ್ದುದನ್ನೇ ನೋಡುತ್ತ ಕೇಳಿದಳು. "ಒಂದು ಚಮಚ ಸಾಕಿತ್ತಾ?"