ಈರಕ್ಕನ ಪುಟ

ಸೂಜಿ ತೋಳಿಗೆ ತಾಗುವ ಮೊದಲೇ ಈರಕ್ಕ ಕೈ ಹಿಂದಕ್ಕೆಳೆದುಕೊಂಡಳು. "ಹೋದ ತಿಂಗಳು ಅಜ್ಜಂಪುರದಾಗೆ ಒಂದು ಇಂಜೆಕ್ಷನ್ ಕೊಟ್ಟು ಮೈಯೆಲ್ಲಾ ದದ್ದೆದ್ದಿತ್ತು ಕಣಪ್ಪಾ. ಇದೂ ಅದೇನಾ? ನರ್ಸಮ್ಮ ಕಂಪ್ಯೂಟರಾಗೆ ಬರ್ಕಂಡಿದ್ರಲ್ಲ, ನೋಡು."

ತರೀಕೆರೆ ಕ್ಲಿನಿಕ್ಕಿನ ನರ್ಸ್ ಓಂಕಾರೇಶ್ ಅವಳ ಪುಟ ತೆರೆದು ನೋಡಿದ. ಅಂಥದ್ದೇನೂ ಇರಲಿಲ್ಲ. ಆದರೂ ಪೆನಿಸಿಲಿನ್ ತುಂಬಿದ್ದ ಸಿರಿಂಜ್ ಕೆಳಗಿಟ್ಟು, ಅದೇ ಕ್ಲಿನಿಕ್ಕಿನ ಅಜ್ಜಂಪುರ ಶಾಖೆಯ ನರ್ಸ್ ಅನಿತಾಗೆ ಫೋನ್ ಮಾಡಿದ.

"ಪೆನಿಸಿಲಿನ್ ಆಗಿಬರಲ್ಲ ಅಂತ ನಾನೇ ಬರೆದಿದ್ದೆ. ನೀವು ಅಳಿಸಿದ್ರಾ?" ಎಂದಳು ಅನಿತಾ.

"ನಾನ್ಯಾಕ್ರೀ ಅಳಿಸಲಿ? ನೀವೇ ಬರೆಯೋದು ಮರೆತಿರಬೇಕು!"

ಡಾಕ್ಟರು ಬೇರೆ ಔಷಧಿ ಬರೆದುಕೊಟ್ಟರು.

ಕಡೂರಿನಲ್ಲಿ ಕೂತು ಮೂರೂ ಶಾಖೆಗಳ ಕಂಪ್ಯೂಟರ್ ನೋಡಿಕೊಳ್ಳುವ ಸ್ಫೂರ್ತಿ ಮಾರನೆಯ ದಿನ ಇಬ್ಬರನ್ನೂ ಒಟ್ಟಿಗೆ ಫೋನಿಗೆ ಕರೆದಳು. "ಹೋದ ತಿಂಗಳು ದದ್ದೆದ್ದ ದಿನ ಹನ್ನೊಂದು ಗಂಟೆಗೆ ಇಬ್ಬರೂ ಈರಕ್ಕನ ಪುಟ ತೆರೆದಿದ್ದೀರಿ. ಅನಿತಾ ಬರೆದು ಸೇವ್ ಮಾಡಿದ್ರು. ಓಂಕಾರೇಶ್, ಅದಾದ ಎರಡು ನಿಮಿಷಕ್ಕೆ ನೀವು ಈರಕ್ಕನ ಫೋನ್ ನಂಬರ್ ತಿದ್ದಿ ಸೇವ್ ಮಾಡಿದ್ರಿ. ನಿಮ್ಮ ಹತ್ರ ಇದ್ದದ್ದು ಹಳೇ ಪುಟ. ಅದು ಹೋಗಿ ಹೊಸದರ ಮೇಲೆ ಕೂತುಬಿಡ್ತು. ಅವರು ಮರೆತಿಲ್ಲ, ನೀವು ಅಳಿಸಿಲ್ಲ. ಹೀಗಾಗದ ಹಾಗೆ ನಾನು ಮಾಡಿಡಬೇಕಿತ್ತು. ತಪ್ಪು ನನ್ನದು."

"ನಿನ್ನೆ ಜೋರಾಗಿ ಮಾತಾಡಿಬಿಟ್ಟೆ," ಎಂದಳು ಅನಿತಾ.

"ನಾನೂ ಅಷ್ಟೇ," ಎಂದ ಓಂಕಾರೇಶ್.

ಸ್ಫೂರ್ತಿ ಎರಡು ದಿನ ಕೂತು ಸರಿಪಡಿಸಿದಳು. ಇನ್ನು ಯಾರಾದರೂ ತಿದ್ದಲೆಂದು ಪುಟ ತೆರೆದರೆ ಸರ್ವರ್ ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಅವರೊಬ್ಬರಿಗೇ ಕೊಡುತ್ತದೆ. ಕಂಪ್ಯೂಟರಿನಿಂದಾಗಲಿ ಮೊಬೈಲಿನಿಂದಾಗಲಿ, ಕೀಲಿ ಇಲ್ಲದವರು ಕಳಿಸಿದ್ದನ್ನು ಒಪ್ಪುವುದಿಲ್ಲ. ತೆರೆದಿಟ್ಟು ಎದ್ದುಹೋದರೆ ಹತ್ತು ನಿಮಿಷಕ್ಕೆ ಬೀಗ ತಾನಾಗಿ ಬಿಡುತ್ತದೆ.

ಸೋಮವಾರ ಈರಕ್ಕ ಮತ್ತೆ ಬಂದಳು. ಓಂಕಾರೇಶ್ ಪುಟ ತೆರೆದರೆ ಕೆಂಪು ಅಕ್ಷರ: 'ಅಜ್ಜಂಪುರದಲ್ಲಿ ಅನಿತಾ ಬರೆಯುತ್ತಿದ್ದಾರೆ. ಕಾಯಿರಿ.' ಅನಿತಾ ಹಳೆಯ ಚೀಟಿಗಳನ್ನೆಲ್ಲ ಹುಡುಕಿ ತೆಗೆದು ಈರಕ್ಕನ ಹಿಂದಿನ ಕಾಯಿಲೆಗಳನ್ನು ತುಂಬುತ್ತಿದ್ದಳು. ಓಂಕಾರೇಶನಿಗೆ ಟೈಪ್ ಮಾಡುವ ಹಾಗಿರಲಿಲ್ಲ. ಕುರ್ಚಿಯನ್ನು ಈರಕ್ಕನ ಕಡೆಗೆ ತಿರುಗಿಸಿದ.

"ಹೇಗಿದೀರಕ್ಕಾ? ಊಟ ಸೇರ್ತಾ ಇದ್ಯಾ?"

ಈರಕ್ಕ ಅವನನ್ನೇ ನೋಡಿದಳು. "ಎರಡು ವರ್ಷದಿಂದ ಬತ್ತಿದೀನಿ. ನೀನು ನನ್ ಮುಖ ನೋಡಿ ಕೇಳಿದ್ದು ಇವತ್ತೇ ಕಣಪ್ಪಾ."