ಕೆಂಚನಿಗೆ ಕಲಿಸಿದ್ದು

ವಿಚ್ಛೇದನವಾದಾಗ ಅವನು ಮನೆಯನ್ನು ಅವಳಿಗೆ ಬಿಟ್ಟು ನಾಯಿಯನ್ನು ಕೇಳಿದ. ಅವಳು ತಕರಾರು ಮಾಡಲಿಲ್ಲ.

"ಒಂದು ತಿಂಗಳು ಟೈಮ್ ಕೊಡಿ. ಕೆಂಚನಿಗೆ ಸ್ವಲ್ಪ ಬುದ್ಧಿ ಕಲಿಸಿ ಕಳಿಸ್ತೀನಿ," ಎಂದಳು.

ನಾಯಿ ಅವನ ಹೊಸ ಸಂಸಾರ ಸೇರಿದ ವಾರಕ್ಕೇ ಅವನ ಫೋನು ಬಂತು.

"ಈ ನಾಯಿ ಬೊಗಳಿ ಬೊಗಳಿ ಪ್ರಾಣ ತೆಗೀತಿದೆ! ನಮ್ಮಿಬ್ಬರ ಮಧ್ಯೆ ನುಗ್ಗಿ ಇವಳ ಮೈಮೇಲೆ ಹಾರುತ್ತೆ. ಅಲ್ಲಿ ಯಾವತ್ತೂ ಹಿಂಗೆ ಮಾಡಿರ್ಲಿಲ್ಲ. ಇವಳೋ, ನಾಯಿ ಇರ್ಬೇಕು ಇಲ್ಲ ನಾನಿರ್ಬೇಕು ಅಂತಿದ್ದಾಳೆ."

"ಹೊಡೀಬೇಡಿ. ಯಾವ ನಾಯೀನೂ ಸುಮ್‌ಸುಮ್ನೆ ಬೊಗಳಲ್ಲ. ಬೊಗಳೋಕೆ ಮುಂಚೆ ಏನಾಗುತ್ತೆ, ಅದನ್ನ ಹೇಳಿ."

"ಏನೂ ಆಗಲ್ಲ. ನಾನು ಇವಳನ್ನ ಕರೀತೀನಿ, ಅಷ್ಟೇ."

"ಏನಂತ ಕರೀತೀರಿ?"

ಅವನು ತಡವರಿಸಿದ. "ಬಂಗಾರೀ ಅಂತ."

ಹದಿನಾಲ್ಕು ವರ್ಷ ಅವನು ಅವಳನ್ನು ಕರೆದದ್ದೂ ಹಾಗೆಯೇ.

"ಹೊಸ ಹೆಸರು ಹುಡುಕೋ ಕಷ್ಟ ನೀವು ತಗೊಳ್ಳಲ್ಲ ಅಂತ ನಂಗೆ ಗೊತ್ತಿತ್ತು," ಎಂದಳು. "ಪಾಪ, ಬೊಗಳಿದ ಕೂಡಲೇ ಅದಕ್ಕೊಂದು ಬಿಸ್ಕತ್ತು ಕೊಡಿ. ನಾನು ಹಾಗೇ ಕಲಿಸಿದ್ದು."